ಸದ್ದಿಗೆ ಪಹಣಿ ಇಲ್ಲ

ಚಿಕ್ಕಪ್ಪನ ಮಗಳು ಫ್ಲ್ಯಾಟ್ ಹುಡುಕುತ್ತಿದ್ದಾಳೆ. ಈಚೆಗೆ ಒಂದು ಭಾನುವಾರ ಅವಳ ಜೊತೆ ಏರ್‌ಪೋರ್ಟ್ ರಸ್ತೆ ಕಡೆ ಹೋಗಿದ್ದೆ. ಎಂಟನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ದೂರಕ್ಕೆ ನಂದಿಬೆಟ್ಟ ಕಾಣುತ್ತದೆ. ತೋರಿಸಲು ಬಂದಿದ್ದ ಹುಡುಗ ಚೆನ್ನಾಗಿ ಮಾತಾಡುತ್ತಿದ್ದ. ಕಾವೇರಿ ನೀರು ಎಲ್ಲಿವರೆಗೆ ಬಂದಿದೆ, ಮೆಟ್ರೊ ನೀಲಿ ಮಾರ್ಗದ ಸ್ಟೇಷನ್ ಎಲ್ಲಿ ಬರುತ್ತದೆ, ಎಲ್ಲ ಅವನ ಬಾಯಲ್ಲೇ ಇತ್ತು. "ಏರ್‌ಪೋರ್ಟಿಗೆ ಬರೀ ಹದಿನೈದು..." ಅನ್ನುವಷ್ಟರಲ್ಲಿ ಮೇಲೆ ವಿಮಾನ ಬಂತು. ಅವನು ಮಾತು ನಿಲ್ಲಿಸಿದ. ಕೈಯಲ್ಲಿದ್ದ ಬ್ರೋಷರನ್ನು ಎತ್ತಿ ಹಿಡಿದುಕೊಂಡೇ ನಿಂತ. ಸದ್ದು ದಾಟಿ ಹೋದಮೇಲೆ "...ನಿಮಿಷ ಮೇಡಂ" ಅಂತ ಬಿಟ್ಟಲ್ಲಿಂದಲೇ ಮುಂದುವರಿಸಿದ. "ರಾತ್ರಿನೂ ಹೀಗೇನಾ?" ಅಂತ ಅವಳು ಕೇಳಿದಳು. "ಅಭ್ಯಾಸ ಆಗ್ಬಿಡುತ್ತೆ ಮೇಡಂ. ಎರಡು ವಾರ, ಅಷ್ಟೇ" ಅಂದ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಗೊತ್ತಿದ್ದದ್ದನ್ನು ಹೇಳಿದ. ಆದರೆ ಅವನು ಮಾತಿನ ನಡುವೆ ನಿಂತ ರೀತಿ ಮನಸ್ಸಿನಿಂದ ಹೋಗುತ್ತಿಲ್ಲ. ಆಮೇಲೆ ಆ ಬ್ರೋಷರ್ ಮನೆಗೆ ತಂದು ಓದಿದೆ. ಶಾಲೆ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ, ಮಾಲ್ ಎಷ್ಟು ದೂರ, ಎಲ್ಲಕ್ಕೂ ಲೆಕ್ಕ ಕೊಟ್ಟಿದ್ದಾರೆ. ತಲೆಯ ಮೇಲೆ ಏನು ಹೋಗುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಎತ್ತರದಲ್ಲಿ ಹೋಗುತ್ತದೆ ಅನ್ನುವುದರ ಬಗ್ಗೆ ಒಂದಕ್ಷರ ಇಲ್ಲ. ಸಾಲ ಮಾಡಿ ಮನೆ ತಗೊಳ್ಳುವವರಿಗೆ ಇದು ಗೊತ್ತಿರಬೇಕು ಅಲ್ವಾ? ಗೊತ್ತು ಮಾಡುವುದು ಯಾರ ಕೆಲಸ?

ಮುರುಗೇಶಪಾಳ್ಯದ ಆಕಾಶ

ನಾನು ಬೆಳೆದದ್ದು ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ. ಹಳೇ ಏರ್‌ಪೋರ್ಟ್ ರಸ್ತೆ, ವಿಂಡ್ ಟನಲ್ ರಸ್ತೆ, ಕೋನೇನ ಅಗ್ರಹಾರ, ಈ ಕಡೆಯಲ್ಲಿ ಇದ್ದವರಿಗೆ ನಾನು ಹೇಳುವುದೇನೂ ಹೊಸದಲ್ಲ. ಊರಿನ ಹಳೇ ಏರ್‌ಪೋರ್ಟ್ ಅಂದರೆ ಎಚ್‌ಎಎಲ್. ಅದರ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿದೆ. ಪಶ್ಚಿಮದ ತುದಿ ನಮ್ಮ ಕಡೆ, ಪೂರ್ವದ ತುದಿ ಮಾರತ್ತಹಳ್ಳಿ ಕಡೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು, ಎದುರಾಗಿಯೇ ಏರಬೇಕು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ಮಾರತ್ತಹಳ್ಳಿ ಕಡೆಯಿಂದ ಇಳಿದು ನಮ್ಮ ಕಡೆಗೆ ಏರುತ್ತಿದ್ದವು. ದೀಪಾವಳಿ ಕಳೆದು ಚಳಿ ಶುರುವಾದರೆ ಗಾಳಿ ತಿರುಗುತ್ತಿತ್ತು. ಆಗ ನಮ್ಮ ತಲೆಯ ಮೇಲೆ ಇಳಿಯಲು ಶುರು. ಗಾಳಿ ತಿರುಗಿತು ಅನ್ನುವುದು ಪಾಳ್ಯದ ಮಕ್ಕಳಿಗೆಲ್ಲ ಗೊತ್ತಾಗುತ್ತಿದ್ದದ್ದು ವಿಮಾನದ ಹೊಟ್ಟೆ ನೋಡಿಯೇ.

ಏರುವಾಗಿನ ಸದ್ದು ಬೇರೆ, ಇಳಿಯುವಾಗಿನ ಸದ್ದು ಬೇರೆ. ಏರುವಾಗ ಇಂಜಿನ್ನಿನ ಗುಡುಗು. ಎದೆಗೂಡಿಗೇ ಬಂದು ತಟ್ಟುತ್ತದೆ. ಇಳಿಯುವಾಗ ಇಂಜಿನ್ ಅಷ್ಟು ಜೋರಾಗಿರುವುದಿಲ್ಲ. ಆದರೆ ರೆಕ್ಕೆಯ ಫ್ಲಾಪ್‌ಗಳನ್ನು ಚಾಚಿ, ಚಕ್ರ ಬಿಟ್ಟುಕೊಂಡು ಬರುವ ವಿಮಾನ ಗಾಳಿಯನ್ನು ಸೀಳುವ ಸದ್ದೇ ದೊಡ್ಡದು. ಕೀರಲು ದನಿ ಅದು. ಸಾಮಾನ್ಯವಾಗಿ ವಿಮಾನ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ರನ್‌ವೇಯಿಂದ ಐದು ಕಿಲೋಮೀಟರ್ ದೂರದಲ್ಲಿ 260 ಮೀಟರ್ ಆಸುಪಾಸು ಎತ್ತರ. ಒಂದು ಕಿಲೋಮೀಟರ್ ದೂರದಲ್ಲಿ 50ರಿಂದ 70 ಮೀಟರ್. ನಮ್ಮ ಮನೆಯ ತಾರಸಿಯಲ್ಲಿ ಹಪ್ಪಳ ಒಣಗಿಸಲು ಹೋದ ಅಮ್ಮ ಕಿಟಕಿಗಳ ಸಾಲನ್ನು ಬರಿಗಣ್ಣಲ್ಲಿ ಎಣಿಸಬಹುದಿತ್ತು.

ಮನೆಯೊಳಗೆ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳು ಕಟಕಟ ಅನ್ನುತ್ತಿದ್ದವು. ಟಿವಿಯಲ್ಲಿ ಚಿತ್ರ ಅಲ್ಲಾಡುತ್ತಿತ್ತು. ಫೋನಿನಲ್ಲಿ ಅಮ್ಮ "ಒಂದ್ನಿಮಿಷ ಇರಿ, ವಿಮಾನ ಹೋಗ್ಲಿ" ಅನ್ನುತ್ತಿದ್ದರು. ಆ ಕಡೆ ಇದ್ದ ದೊಡ್ಡಮ್ಮ ಹೊಳಲ್ಕೆರೆಯಲ್ಲಿ ರಿಸೀವರ್ ಹಿಡಿದುಕೊಂಡು ಕಾಯುತ್ತಿದ್ದರು. ಎಸ್‌ಟಿಡಿ ಮೀಟರ್ ಮಾತ್ರ ಓಡುತ್ತಿತ್ತು.

ಶಾಲೆಯ ನೆನಪು ಇನ್ನೂ ಹತ್ತಿರದ್ದು. ನಮ್ಮ ಕ್ಲಾಸಿಗೆ ಶೀಟ್ ಹಾಕಿದ ಮಾಡು ಇತ್ತು. ಸಮಾಜ ಹೇಳಿಕೊಡುತ್ತಿದ್ದ ಮಿಸ್ ಸಣ್ಣ ದನಿಯವರು. ವಿಮಾನದ ಸದ್ದು ಶುರುವಾದ ಕೂಡಲೇ ಅವರು ಬಾಯಿ ಮುಚ್ಚಿ, ಚಾಕ್‌ಪೀಸನ್ನು ಬೋರ್ಡಿಗೆ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಚಾಕ್‌ಪೀಸ್ ಇಟ್ಟ ಜಾಗದಲ್ಲಿ ಒಂದು ದಪ್ಪ ಚುಕ್ಕೆ ಮೂಡುತ್ತಿತ್ತು. ನಾವು ಅವರ ಮುಖ ನೋಡುತ್ತಾ ಕೂರುತ್ತಿದ್ದೆವು. ಸದ್ದು ಹೋದಮೇಲೆ ಅವರು ಶುರು ಮಾಡುತ್ತಿದ್ದರು, ಆದರೆ ವಾಕ್ಯದ ಅರ್ಧದಿಂದ. ಮೊದಲ ಅರ್ಧ ಏನಾಗಿತ್ತು ಅನ್ನುವುದು ಎಷ್ಟೋ ಸಲ ನಮಗೆ ಮರೆತೇ ಹೋಗಿರುತ್ತಿತ್ತು. ಮುಂದಿನ ಬೆಂಚಿನವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನವರು ಕೈಬಿಡುತ್ತಿದ್ದರು. ನಮಗೆ ಆಗ ಇದು ತೊಂದರೆ ಅನ್ನಿಸಿರಲಿಲ್ಲ. ಪಾಠ ಅಂದ್ರೆ ಹೀಗೇ ನಿಂತು ನಿಂತು ಸಾಗುವುದು ಅಂದುಕೊಂಡಿದ್ದೆವು.

2008ರ ಮೇ 24ರಂದು ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಶುರುವಾಯಿತು. ಅಂದಿನಿಂದ ಎಚ್‌ಎಎಲ್‌ಗೆ ಪ್ರಯಾಣಿಕರ ವಿಮಾನಗಳು ಬರುವುದು ನಿಂತಿತು. ಪೂರ್ತಿ ಮೌನ ಬಂತು ಅಂತಲ್ಲ. ತೇಜಸ್, ಧ್ರುವ್ ಹೆಲಿಕಾಪ್ಟರ್, ದೊಡ್ಡವರ ಖಾಸಗಿ ಜೆಟ್‌ಗಳು ಈಗಲೂ ಅಲ್ಲಿಂದಲೇ ಹಾರುತ್ತವೆ. ಆದರೆ ದಿನವಿಡೀ ಒಂದರ ಹಿಂದೆ ಒಂದು ಬರುವುದು ತಪ್ಪಿತು. ನಮ್ಮ ಮನೆಯಲ್ಲಿ ಆದ ಬದಲಾವಣೆ ನನಗೆ ತಿಳಿದದ್ದು ಕೆಲವು ತಿಂಗಳು ಕಳೆದಮೇಲೆ. ನಮ್ಮೆಲ್ಲರ ದನಿ ಇಳಿದಿತ್ತು. ಮೊದಲು ನೆಂಟರ ಮನೆಗೆ ಹೋದರೆ "ನೀವ್ಯಾಕೆ ಇಷ್ಟು ಕೂಗಿ ಮಾತಾಡ್ತೀರಿ?" ಅಂತ ಕೇಳುತ್ತಿದ್ದರು. ನಮ್ಮದು ಜೋರು ಬಾಯಿಯ ಮನೆತನ ಅಂತಲೇ ಹೆಸರಾಗಿತ್ತು. ಅಪ್ಪನ ದನಿ ಮೆತ್ತಗಿದೆ ಅನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿಯಾಗಿತ್ತು.

ಮ್ಯೂನಿಕ್‌ನ ಮಕ್ಕಳು

"ಅಭ್ಯಾಸ ಆಗುತ್ತೆ" ಅನ್ನುವುದು ನಿಜವೇ ಅಂತ ತುಂಬ ದಿನ ಯೋಚಿಸಿದ್ದೇನೆ. ನಮಗೂ ಅಭ್ಯಾಸ ಆಗಿತ್ತಲ್ಲ. ಆಮೇಲೆ ಮ್ಯೂನಿಕ್ ಊರಿನ ಕತೆ ಓದಿದೆ. ಅಲ್ಲಿ 1992ರ ಮೇ ತಿಂಗಳಲ್ಲಿ ನಗರಕ್ಕೆ ಹತ್ತಿರದ ಹಳೇ ಏರ್‌ಪೋರ್ಟ್ ಮುಚ್ಚಿ, ದೂರದಲ್ಲಿ ಹೊಸದನ್ನು ತೆರೆದರು. ನಮ್ಮಲ್ಲಿ ಹದಿನಾರು ವರ್ಷ ಆಮೇಲೆ ಆದದ್ದೇ. ಹೀಗಾಗುತ್ತದೆ ಅಂತ ಮೊದಲೇ ಗೊತ್ತಿದ್ದ ಸಂಶೋಧಕರು ಎರಡೂ ಕಡೆಯ ಶಾಲಾ ಮಕ್ಕಳನ್ನು ಬದಲಾವಣೆಗೆ ಮೊದಲು ಒಮ್ಮೆ ಪರೀಕ್ಷೆ ಮಾಡಿದರು, ಆಮೇಲೂ ಮಾಡಿದರು. ಓದುವುದು, ಓದಿದ್ದನ್ನು ನೆನಪಿಟ್ಟುಕೊಳ್ಳುವುದು, ಇಂಥವು. 2002ರಲ್ಲಿ ಅದರ ಫಲಿತಾಂಶ ಬಂತು. ಹಳೇ ಏರ್‌ಪೋರ್ಟಿನ ಹತ್ತಿರದ ಮಕ್ಕಳು ಸದ್ದು ನಿಂತಮೇಲೆ ಸುಧಾರಿಸಿದರು. ಹೊಸ ಏರ್‌ಪೋರ್ಟಿನ ಹತ್ತಿರದ ಮಕ್ಕಳು ಅದೇ ವಿಷಯಗಳಲ್ಲಿ ಹಿಂದೆ ಬಿದ್ದರು.

ಇದನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಹಿಂದಿನ ಬೆಂಚು. ಅಲ್ಲಿ ಕೂತವರನ್ನು ದಡ್ಡರು ಅಂತ ಕರೆದಿದ್ದೆವು. ನಮ್ಮ ಶಾಲೆಗೆ ಯಾರೂ ಬಂದು ಏನನ್ನೂ ಅಳೆಯಲಿಲ್ಲ. ಸುಧಾರಿಸಿದ ಅರ್ಧವನ್ನು ನೋಡಿ ಖುಷಿಪಡುವುದು ಸುಲಭ. ಮುರುಗೇಶಪಾಳ್ಯದ ಮಕ್ಕಳಿಗೆ ಒಳ್ಳೆಯದಾಯಿತು. ಆದರೆ ಇನ್ನೊಂದು ಅರ್ಧವೂ ಇದೆಯಲ್ಲ. ನಮ್ಮ ತಲೆಯ ಮೇಲಿಂದ ಎದ್ದ ಸದ್ದು ಆಕಾಶದಲ್ಲಿ ಕರಗಿ ಹೋಗಲಿಲ್ಲ. ದೇವನಹಳ್ಳಿಯ ಸುತ್ತಿನ ಹಳ್ಳಿಗಳ ಮೇಲೆ ಹೋಗಿ ಕೂತಿತು. ಜಾಸ್ತಿಯಾಗಿಯೇ ಕೂತಿತು. ಎಚ್‌ಎಎಲ್ ತನ್ನ ಕೊನೆಯ ಪೂರ್ಣ ವರ್ಷದಲ್ಲಿ ಒಂದು ಕೋಟಿ ಪ್ರಯಾಣಿಕರನ್ನು ಕಂಡಿತ್ತು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಈಗ ವರ್ಷಕ್ಕೆ ನಾಲ್ಕು ಕೋಟಿ ದಾಟಿದೆ. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು. ದಿನಕ್ಕೆ ಸುಮಾರು 700 ವಿಮಾನಗಳು ಏರಿ ಇಳಿಯುತ್ತವೆ.

ನಿದ್ದೆಯ ವಿಷಯವೂ ಹೀಗೇ. ಲಂಡನ್ನಿನ ಹೀಥ್ರೂ, ಅಥೆನ್ಸ್, ಮಿಲಾನಿನ ಮಾಲ್ಪೆನ್ಸಾ, ಸ್ಟಾಕ್‌ಹೋಮ್, ಈ ನಾಲ್ಕು ಏರ್‌ಪೋರ್ಟ್‌ಗಳ ಹತ್ತಿರ ಇದ್ದ 140 ಜನರ ರಕ್ತದೊತ್ತಡವನ್ನು ಅವರು ಮಲಗಿದ್ದಾಗಲೇ ಅಳೆದು 2008ರಲ್ಲಿ ವರದಿ ಮಾಡಿದರು. ವಿಮಾನ ಹೋದಾಗ ಒತ್ತಡ ಏರುತ್ತಿತ್ತು. ಎಚ್ಚರ ಆಗದೆ ಮಲಗಿದ್ದವರಿಗೂ ಏರುತ್ತಿತ್ತು. ಬೆಳಗ್ಗೆ ಎದ್ದು ಕೇಳಿದರೆ ಅವರು ಚೆನ್ನಾಗಿ ನಿದ್ದೆ ಬಂತು ಅಂತಲೇ ಹೇಳಿರುತ್ತಿದ್ದರೇನೋ. ಮನಸ್ಸು ಒಗ್ಗಿಕೊಂಡರೂ ಮೈ ಒಗ್ಗಿಕೊಂಡಿರುವುದಿಲ್ಲ. ಆ ಹುಡುಗ ಹೇಳಿದ ಎರಡು ವಾರದಲ್ಲಿ ಆಗುವುದು ಇಷ್ಟೇ: ನಾವು ದೂರು ಹೇಳುವುದನ್ನು ನಿಲ್ಲಿಸುತ್ತೇವೆ.

ಹುಳು ಮನೆಯ ರಾತ್ರಿ

ನಮ್ಮ ಚಿಕ್ಕಮ್ಮ ಇರುವುದು ಏರ್‌ಪೋರ್ಟಿನ ಪೂರ್ವಕ್ಕೆ, ಸೂಲಿಬೆಲೆ ಕಡೆಯ ಒಂದು ಹಳ್ಳಿಯಲ್ಲಿ. ರೇಷ್ಮೆ ಸಾಕುವ ಮನೆ. ಹೋದ ಮಳೆಗಾಲದಲ್ಲಿ ಅಲ್ಲಿ ಉಳಿದುಕೊಂಡಿದ್ದೆ. ಪಶ್ಚಿಮದ ಗಾಳಿ. ಅಂದರೆ ಇಳಿಯುವ ವಿಮಾನಗಳೆಲ್ಲ ಅವರ ಕಡೆಯಿಂದಲೇ ಬರಬೇಕು. ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು. ಆ ಹಂತದಲ್ಲಿ ಹುಳು ತಿನ್ನುವುದು ಎಷ್ಟು ಅಂದರೆ, ಸೊಪ್ಪು ಹಾಕಿ ತಿರುಗಿ ನೋಡುವಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತದೆ. ಮನೆಮಂದಿ ಸರದಿಯ ಮೇಲೆ ಏಳಬೇಕು. ರಾತ್ರಿ ಹತ್ತರ ಮೇಲೆ ಒಂದು ಸಲ ಸೊಪ್ಪು, ಬೆಳಗಿನ ಜಾವ ಇನ್ನೊಂದು ಸಲ.

ಚಿಕ್ಕಮ್ಮನ ಜೊತೆ ನಾನೂ ಹುಳು ಮನೆಗೆ ಹೋದೆ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಟ್ಟೆವು. ಮಂದ ಬೆಳಕು. ಒಂದರ ಮೇಲೊಂದು ಅಟ್ಟಣೆ, ಅದರ ತುಂಬ ಬಿಳಿ ಹುಳು. ರೆಂಬೆಗಳನ್ನು ಹರಡಿ ನಾವು ಸುಮ್ನೆ ನಿಂತೆವು. ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು. ಸಾವಿರಾರು ಹುಳು ಒಟ್ಟಿಗೆ ಎಲೆ ಕಡಿಯುವ ಸದ್ದು, ಒಣ ಎಲೆಯ ಮೇಲೆ ಸೋನೆ ಮಳೆ ಹನಿಯುವ ಹಾಗೆ. ಚಿಕ್ಕಮ್ಮ ಕಿವಿಗೊಟ್ಟು ಕೇಳುತ್ತಿದ್ದರು. ಅವರಿಗೆ ಅದು ಬರೀ ಇಂಪಲ್ಲ. ಸದ್ದು ಎಲ್ಲ ಕಡೆ ಒಂದೇ ಸಮ ಬರಬೇಕು. ಒಂದು ಮೂಲೆಯಲ್ಲಿ ಕಡಿಮೆಯಾದರೆ ಅಲ್ಲಿ ಹುಳು ಮಂದವಾಗಿದೆ, ರೋಗ ಬಂದಿರಬಹುದು ಅಂತ. "ಕೆಳಗಿನ್ ಅಟ್ಟಣೇಲಿ ಯಾಕೋ..." ಅಂತ ಅವರು ಬಗ್ಗಿದರು. ಅಷ್ಟರಲ್ಲಿ ವಿಮಾನ ಬಂತು. ಶೀಟು ಅದುರಿತು. ಅದು ಹೋಗಿ ಕಿವಿ ತಿಳಿಯಾಗುವಷ್ಟರಲ್ಲಿ ಇನ್ನೊಂದರ ಸದ್ದು ದೂರದಲ್ಲಿ ಎದ್ದಿತ್ತು. ಚಿಕ್ಕಮ್ಮ ಕೈಯಲ್ಲೇ ಟಾರ್ಚ್ ಹಿಡಿದು ಒಂದೊಂದೇ ರೆಂಬೆ ಎತ್ತಿ ಕಣ್ಣಿಂದ ನೋಡಲು ಶುರು ಮಾಡಿದರು.

"ಹುಳಕ್ಕೆ ಏನಾದ್ರೂ ಆಗುತ್ತಾ ಚಿಕ್ಕಮ್ಮ?" ಅಂತ ಕೇಳಿದೆ.

"ಹುಳಕ್ಕೇನಾಗಲ್ಲ ಮಗ. ಅದರ ಪಾಡಿಗೆ ಅದು ತಿಂತದೆ. ನಮಗೇ. ಮೊದ್ಲು ಬಾಗ್ಲಲ್ಲಿ ನಿಂತು ಕೇಳಿದ್ರೆ ಸಾಕಾಗಿತ್ತು. ಈಗ ಬಗ್ಗಿ ಬಗ್ಗಿ ನೋಡ್ಬೇಕು. ಸೊಂಟ ಹೋಯ್ತು."

ಆಮೇಲೆ ಜಗಲಿಯಲ್ಲಿ ಕೂತಾಗ ಅವರು ಇನ್ನೊಂದು ಮಾತು ಹೇಳಿದರು. ರಸ್ತೆಗೆ ಜಮೀನು ಹೋದವರಿಗೆ ದುಡ್ಡು ಬಂತು. ಕಡಿಮೆಯೋ ಜಾಸ್ತಿಯೋ, ಒಂದು ಕಾಗದ ಬಂತು, ಒಂದು ಕೇಸು ಹಾಕಲಾದರೂ ಆಯಿತು. "ನಮ್ದೇನು ಹೋಗಿಲ್ವಲ್ಲ, ಹಂಗಾಗಿ ನಾವು ಯಾರನ್ನ ಕೇಳೋದು?" ಅಂದರು.

ಆ ಪ್ರಶ್ನೆ ದೊಡ್ಡದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಗಾಗಿ ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದ್ದು, 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟದ್ದು ನಮಗೆಲ್ಲ ಗೊತ್ತು. ಭೂಮಿಗೆ ಸರ್ವೆ ನಂಬರ್ ಇದೆ, ಪಹಣಿ ಇದೆ, ಗಡಿಕಲ್ಲು ಇದೆ. ಕಳಕೊಂಡದ್ದನ್ನು ಬೆರಳು ಮಾಡಿ ತೋರಿಸಬಹುದು. ಚಿಕ್ಕಮ್ಮನ ಹುಳು ಮನೆಯಲ್ಲಿ ಕಳೆದುಹೋದದ್ದಕ್ಕೆ ಪಹಣಿ ಇಲ್ಲ. ರನ್‌ವೇ ಎಷ್ಟು ಎಕರೆ ಬೇಕು ಅಂತ ಲೆಕ್ಕ ಹಾಕುತ್ತಾರೆ. ಅದರ ಸದ್ದಿಗೂ ಜಾಗ ಬೇಕು. ರನ್‌ವೇಗಿಂತ ಎಷ್ಟೋ ಪಟ್ಟು ದೊಡ್ಡ ಜಾಗ. ಅದನ್ನು ಯಾರೂ ಸ್ವಾಧೀನ ಮಾಡಿಕೊಳ್ಳುವುದಿಲ್ಲ, ಸುಮ್ನೆ ಬಳಸುತ್ತಾರೆ.

ಸರಾಸರಿ ಅನ್ನುವುದು

ಕಾನೂನು ಇಲ್ಲ ಅಂತಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಮೈಕ್‌ಸೆಟ್ಟಿಗೂ ಪಟಾಕಿಗೂ ಜಗಳ ಆದಾಗ ನಾವು ಕೇಳುವುದು ಇದೇ ಸಂಖ್ಯೆ. ಏರ್‌ಪೋರ್ಟ್‌ಗಳಿಗೆ ಅಂತ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆ ಮಿತಿ ತಂದಿತು. ವರ್ಷಕ್ಕೆ 50,000ಕ್ಕಿಂತ ಜಾಸ್ತಿ ವಿಮಾನ ಬಂದುಹೋಗುವ ನಿಲ್ದಾಣದ ಸದ್ದಿನ ವಲಯದಲ್ಲಿ ಹಗಲು 70, ರಾತ್ರಿ 65. ಮನೆಗಳಿರುವ ಬೀದಿಗಿಂತ ರಾತ್ರಿಗೆ 20 ಡೆಸಿಬಲ್ ಜಾಸ್ತಿ. ಡೆಸಿಬಲ್ ಲೆಕ್ಕದಲ್ಲಿ 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. 20 ಏರಿದರೆ ನಾಲ್ಕು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಅಂತ ಅದೇ 2018ರಲ್ಲಿ ಕೊಟ್ಟ ಸಲಹೆಯಲ್ಲಿ, ವಿಮಾನದ ಸದ್ದು ರಾತ್ರಿ 40 ದಾಟಬಾರದು ಅಂತ ಇದೆ.

ಅದಕ್ಕಿಂತ ನನ್ನನ್ನು ಕಾಡುವುದು ಈ ಮಿತಿ ಸರಾಸರಿ ಅನ್ನುವುದು. ಒಂದು ಲೆಕ್ಕ ಮಾಡಿ ನೋಡಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ. ಗಂಟೆಗೆ ಎರಡು ವಿಮಾನ ನಿಮ್ಮ ಮನೆಯ ಮೇಲೆ ಹೋಗುತ್ತವೆ ಅಂತ ಇಟ್ಟುಕೊಳ್ಳಿ. ಒಂದೊಂದು 85 ಡೆಸಿಬಲ್, 15 ಸೆಕೆಂಡ್. ಉಳಿದ ಹೊತ್ತು ಪೂರ್ತಿ ನಿಶ್ಶಬ್ದ. ಇಡೀ ರಾತ್ರಿಯ ಸರಾಸರಿ ಎಷ್ಟು ಬರುತ್ತದೆ ಗೊತ್ತಾ? ಸುಮಾರು 64. ಮಿತಿಯೊಳಗೇ ಇದೆ. ಹದಿನಾರು ಸಲ ಎಚ್ಚರ ಆದ ಮನುಷ್ಯನಿಗೆ ಕಾಗದದ ಮೇಲೆ ಯಾವ ತೊಂದರೆಯೂ ಆಗಿಲ್ಲ. ನಮಗೆ ನಿದ್ದೆ ಕೆಡುವುದು ಸರಾಸರಿಯಿಂದಲ್ಲ. ಒಂದೊಂದು ಸದ್ದು ಒಂದೊಂದು ಸಲ ಎಬ್ಬಿಸುತ್ತದೆ. ಹಾಗಾಗಿ ಎಷ್ಟು ಸಲ ಅನ್ನುವುದನ್ನೂ ಎಣಿಸಬೇಕು. ಹೊಸ ವಿಮಾನಗಳ ಸದ್ದು ಹಳೆಯವಕ್ಕಿಂತ ಕಡಿಮೆ ಅನ್ನುವುದು ನಿಜ. ಎಪ್ಪತ್ತರ, ಎಂಬತ್ತರ ದಶಕದ ಬೋಯಿಂಗ್ 737ರ ಗದ್ದಲ ಕೇಳಿದವರಿಗೆ ಇವತ್ತಿನ ಏರ್‌ಬಸ್ ನಿಯೋ ಎಷ್ಟೋ ವಾಸಿ. ಆದರೆ ಒಂದೊಂದರ ಸದ್ದು ತಗ್ಗಿದಷ್ಟೂ ಸಂಖ್ಯೆ ಏರಿದೆ. ಎರಡನ್ನೂ ಕೂಡಿಸಿ ಸರಾಸರಿ ಮಾಡಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ.

ಕೋರ್ಟಿಗೆ ಹೋಗಬಹುದಲ್ಲ ಅನ್ನುವವರಿಗೆ ಒಂದು ಹಳೇ ವಿಷಯ. ಬ್ರಿಟಿಷರ ಕಾಲದ 1934ರ ವಿಮಾನ ಕಾಯ್ದೆಯ 17ನೇ ಕಲಂ ಹೇಳಿದ್ದು ಇದು: ವಿಮಾನವೊಂದು ತಕ್ಕಷ್ಟು ಎತ್ತರದಲ್ಲಿ ನಿಮ್ಮ ಆಸ್ತಿಯ ಮೇಲೆ ಹಾರಿತು ಅನ್ನುವ ಒಂದೇ ಕಾರಣಕ್ಕೆ ಸಿವಿಲ್ ಕೋರ್ಟಿನಲ್ಲಿ ಅತಿಕ್ರಮಣದ ದಾವೆಯನ್ನಾಗಲಿ ಉಪದ್ರವದ ದಾವೆಯನ್ನಾಗಲಿ ಹೂಡುವ ಹಾಗಿಲ್ಲ. ಆಗ ವಿಮಾನ ಅಂದರೆ ಊರಿನವರೆಲ್ಲ ಓಡಿಬಂದು ನೋಡುವ ಅಪರೂಪ. ಹಾರಲು ಕಲಿಯುತ್ತಿದ್ದ ಒಂದು ಉದ್ಯಮಕ್ಕೆ ರಕ್ಷಣೆ ಬೇಕಿತ್ತು. ಆ ಕಾಯ್ದೆ 2024ರ ಕೊನೆಯವರೆಗೂ ನಡೆಯಿತು. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಅದರ ಜಾಗಕ್ಕೆ ಬಂದಿದೆ. ತೊಂಬತ್ತು ವರ್ಷದಲ್ಲಿ ಆಕಾಶ ಪೂರ್ತಿ ಬದಲಾಯಿತು.

ವಿಮಾನಕ್ಕೊಂದು ನಕ್ಷೆ ಇದೆ

ಮುರುಗೇಶಪಾಳ್ಯದಲ್ಲಿ ಅಪ್ಪ ಮೂರನೇ ಮಹಡಿ ಕಟ್ಟಲು ಹೊರಟಾಗ ಎಲ್ಲರೂ ಮೊದಲು ಕೇಳಿದ್ದು "ಹೈಟ್ ಎನ್‌ಒಸಿ ಆಯ್ತಾ?" ಅಂತ. ಏರ್‌ಪೋರ್ಟ್ ಸುತ್ತ ಯಾವ ಜಾಗದಲ್ಲಿ ಎಷ್ಟು ಎತ್ತರ ಕಟ್ಟಬಹುದು ಅನ್ನುವುದಕ್ಕೆ ಬಣ್ಣ ಬಣ್ಣದ ನಕ್ಷೆಗಳಿವೆ. ಯಾರು ಬೇಕಾದರೂ ನೋಡಬಹುದು. ಮೀರಿ ಕಟ್ಟಿದರೆ ಕೆಡವಲು 1994ರಲ್ಲೇ ನಿಯಮ ಬಂದಿದೆ. ಇದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ವಿಮಾನದಲ್ಲಿ ಇರುವವರ ಜೀವದ ಪ್ರಶ್ನೆ ಅದು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ 92 ಜನ ಸತ್ತದ್ದನ್ನು ನಮ್ಮ ಕಡೆಯ ಹಿರಿಯರು ಮರೆತಿಲ್ಲ. ಸದ್ದು ಸ್ವಲ್ಪ ವಿಚಿತ್ರವಾಗಿ ಕೇಳಿದರೂ ಅಮ್ಮ ಕೆಲಸ ಬಿಟ್ಟು ಹೊರಗೆ ಬಂದು ನೋಡುತ್ತಿದ್ದದ್ದು ಅದಕ್ಕೇ.

ನನ್ನ ಮಾತು ಇಷ್ಟೇ. ಮನೆಯಿಂದ ವಿಮಾನಕ್ಕೆ ಆಗುವ ತೊಂದರೆಗೆ ಬಣ್ಣದ ನಕ್ಷೆ ಇದೆ, ಎನ್‌ಒಸಿ ಇದೆ, ಕೆಡವುವ ಅಧಿಕಾರ ಇದೆ. ವಿಮಾನದಿಂದ ಮನೆಗೆ ಆಗುವ ತೊಂದರೆಯನ್ನೂ ಅದೇ ಥರ ನಕ್ಷೆಯ ಮೇಲೆ ತನ್ನಿ. ಮನೆ ತಗೊಳ್ಳುವವರ ಕೈಗೆ ಸೇಲ್ ಅಗ್ರಿಮೆಂಟ್ ಜೊತೆಗೇ ಅದನ್ನೂ ಕೊಡಿ. ಅಷ್ಟಾದಮೇಲೆ "ಗೊತ್ತಿದ್ದೇ ತಗೊಂಡ್ರಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬಹುದು. ಈಗ ಆ ಮಾತು ಹೇಳುವುದು ಅನ್ಯಾಯ. ಚಿಕ್ಕಮ್ಮನ ಊರಿಗಂತೂ ಆ ಮಾತು ಯಾವತ್ತೂ ಸಲ್ಲುವುದಿಲ್ಲ. ಊರು ಮೊದಲಿತ್ತು.

ಸದ್ದನ್ನು ಹಂಚುವುದು ಹೇಗೆ ಅನ್ನುವುದಕ್ಕೂ ಬೇರೆ ಕಡೆ ದಾರಿ ಹುಡುಕಿದ್ದಾರೆ. ಹೀಥ್ರೂದಲ್ಲಿ ಎರಡು ರನ್‌ವೇ ಇವೆ. ಪಶ್ಚಿಮದ ಗಾಳಿ ಇದ್ದಾಗ ಇಳಿಯುವ ರನ್‌ವೇಯನ್ನು ಮಧ್ಯಾಹ್ನ ಮೂರಕ್ಕೆ ಬದಲಿಸುತ್ತಾರೆ. ಯಾವ ವಾರ ಯಾವುದು ಅಂತ ಮೊದಲೇ ಪಟ್ಟಿ ಹಾಕುತ್ತಾರೆ. ಕೆಳಗಿರುವವರಿಗೆ ಅರ್ಧ ದಿನವಾದರೂ ಬಿಡುವು ಗ್ಯಾರಂಟಿ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. 2014ರಲ್ಲಿ ಉಪಗ್ರಹ ನೋಡಿ ಹಾರುವ ಹೊಸ ದಾರಿಗಳು ಬಂದವು. ಮೊದಲು ಅಷ್ಟಿಷ್ಟು ಆಚೀಚೆ ಹರಡಿ ಹೋಗುತ್ತಿದ್ದ ವಿಮಾನಗಳು ಆಮೇಲೆ ಒಂದೇ ಗೆರೆ ಹಿಡಿದವು. ಆ ಗೆರೆಯ ಕೆಳಗಿನ ಬೀದಿಗಳ ಮೇಲೆಯೇ ಎಲ್ಲ ಸದ್ದು ಬಿತ್ತು. ನಗರದವರು ಕೋರ್ಟಿಗೆ ಹೋಗಿ 2017ರಲ್ಲಿ ಗೆದ್ದರು. ಇಂಧನ ಉಳಿಸಲು ಗೆರೆ ನೇರ ಮಾಡಿದಷ್ಟೂ ಕೆಳಗೆ ಯಾರೋ ಕೆಲವರು ಎಲ್ಲರ ಪಾಲನ್ನೂ ಹೊರುತ್ತಾರೆ ಅನ್ನುವುದು ಅಲ್ಲಿ ಗೊತ್ತಾಯಿತು.

ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಗದಿತ ವಿಮಾನಗಳು ಇಳಿಯುವ ಹಾಗಿಲ್ಲ, ಏರುವ ಹಾಗಿಲ್ಲ. ಅಲ್ಲಿನ ಜನ ಹೋರಾಡಿ ಪಡೆದದ್ದು. ಸರಿಯೇ. ಆದರೆ ಅಲ್ಲಿ ಬೆಳಕು ಹರಿದಮೇಲೆ ಇಳಿಯಬೇಕಾದರೆ ಇಲ್ಲಿಂದ ಯಾವಾಗ ಹೊರಡಬೇಕು? ಯುರೋಪಿಗೆ ಹೋಗುವ ನಮ್ಮ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿ ಕಳೆದಮೇಲೆ, ಬೆಳಗಿನ ಜಾವದೊಳಗೆ ಏರುತ್ತವೆ. ಬೇರೆ ಬೇರೆ ಕಾರಣಗಳಿವೆ, ಮುಂದಿನ ವಿಮಾನ ಹಿಡಿಯುವ ಲೆಕ್ಕವೂ ಇದೆ. ಕೊನೆಗೆ ಆಗುವುದು ಮಾತ್ರ ಒಂದೇ. ಅವರ ರಾತ್ರಿ ಉಳಿಯುತ್ತದೆ, ದೇವನಹಳ್ಳಿಯ ರಾತ್ರಿ ಹೋಗುತ್ತದೆ. ನಾನೂ ಅಂಥ ವಿಮಾನದಲ್ಲಿ ಕೂತು ಹೋಗಿದ್ದೇನೆ, ಮುಂದೆಯೂ ಹೋಗುತ್ತೇನೆ. ಏರ್‌ಪೋರ್ಟ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಅನ್ನ ಬೆಂದದ್ದೇ ಎಚ್‌ಎಎಲ್ ಸಂಬಳದಿಂದ. ನಾವು ಹಾರುವುದರ ಬೆಲೆಯಲ್ಲಿ ಕೆಳಗೆ ಮಲಗಿರುವವರ ನಿದ್ದೆಯೂ ಸೇರಬೇಕು ಅನ್ನುವುದಷ್ಟೇ ನನ್ನ ಬೇಡಿಕೆ.

ಇನ್ನೊಂದು ಬರುತ್ತಿದೆ

ಬೆಂಗಳೂರಿಗೆ ಎರಡನೇ ಏರ್‌ಪೋರ್ಟ್ ಬೇಕು ಅನ್ನುವ ಮಾತು ಈಗ ಜೋರಾಗಿದೆ. 2004ರ ಒಪ್ಪಂದದ ಪ್ರಕಾರ ಈಗಿನ ನಿಲ್ದಾಣದ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ಬರುವ ಹಾಗಿಲ್ಲ. ಅದಕ್ಕೇ ಜಾಗ ನೋಡುವ ಕೆಲಸ ಈಗಲೇ ಶುರುವಾಗಿದೆ. ಕನಕಪುರ ರಸ್ತೆಯ ಕಡೆ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಒಂದು. 2025ರ ಏಪ್ರಿಲ್‌ನಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಯ ತಂಡ ಬಂದು ನೋಡಿ ಹೋಗಿದೆ. ಆ ಕಡೆ ಹೊಸೂರಿನಲ್ಲಿ ಒಂದು ಕಟ್ಟುತ್ತೇವೆ ಅಂತ ತಮಿಳುನಾಡು 2024ರಲ್ಲೇ ಹೇಳಿದೆ. ಹಳೇ ಎಚ್‌ಎಎಲ್ಲನ್ನೇ ಮತ್ತೆ ತೆರೆಯಿರಿ ಅನ್ನುವ ದನಿಯೂ ಆಗಾಗ ಏಳುತ್ತದೆ. ಪೇಪರಿನಲ್ಲಿ ಬರುವ ಚರ್ಚೆ ನೋಡಿದರೆ ಎಲ್ಲ ಜಮೀನಿನ ದರ, ಮೆಟ್ರೊ, ಎಷ್ಟು ನಿಮಿಷ ಅನ್ನುವುದರ ಮೇಲೆಯೇ. ಕನಕಪುರ ರಸ್ತೆಯ ಆಚೆಗೆ ಬನ್ನೇರುಘಟ್ಟದ ಕಾಡಿದೆ, ಆನೆಗಳಿವೆ ಅನ್ನುವುದನ್ನು ಕೆಲವರಾದರೂ ಎತ್ತಿದ್ದಾರೆ. ಮನುಷ್ಯರ ರಾತ್ರಿಯ ಬಗ್ಗೆ ಮಾತಾಡಿದ್ದನ್ನು ನಾನು ಇನ್ನೂ ಓದಿಲ್ಲ.

ಒಂದು ಅವಕಾಶ ಕಾನೂನಿನಲ್ಲೇ ಇದೆ. 2006ರ ಇಐಎ (ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ಅಧಿಸೂಚನೆಯ ಪ್ರಕಾರ ಹೊಸ ಏರ್‌ಪೋರ್ಟಿಗೆ ಪರಿಸರ ಅನುಮತಿ ಬೇಕು. ಅದಕ್ಕೆ ಮೊದಲು ಸ್ಥಳದ ಹತ್ತಿರವೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಹಾರೋಹಳ್ಳಿ, ಸೋಮನಹಳ್ಳಿ, ನೆಲಮಂಗಲ, ಕುಣಿಗಲ್ ಕಡೆ ನಿಮ್ಮ ನೆಂಟರು ಸ್ನೇಹಿತರು ಇದ್ದರೆ ಇದನ್ನು ಈಗಲೇ ತಿಳಿಸಿ. ಜಮೀನು ಹೋಗುವವರು ಹೇಗೂ ಸಭೆಗೆ ಬರುತ್ತಾರೆ. ಜಮೀನು ಹೋಗದವರು, ರನ್‌ವೇ ಗೆರೆಯ ಎರಡೂ ತುದಿಯಲ್ಲಿ ಹತ್ತು ಕಿಲೋಮೀಟರ್ ದೂರದವರು, ನಮಗೇನು ಸಂಬಂಧ ಅಂತ ಮನೆಯಲ್ಲೇ ಉಳಿಯುತ್ತಾರೆ. ಅವರೇ ಮುಖ್ಯವಾಗಿ ಬರಬೇಕಾದವರು. ಶಾಲೆಯ ಮೇಷ್ಟ್ರುಗಳು ಬರಬೇಕು. ರನ್‌ವೇ ಯಾವ ದಿಕ್ಕಿಗೆ ಮಲಗುತ್ತದೆ, ಮಳೆಗಾಲದಲ್ಲಿ ಯಾರ ಮೇಲೆ ಇಳಿಯುತ್ತದೆ, ಚಳಿಗಾಲದಲ್ಲಿ ಯಾರ ಮೇಲೆ ಅಂತ ಊರಿನ ಹೆಸರು ಹಿಡಿದು ಕೇಳಬೇಕು. ರಾತ್ರಿ ಹತ್ತರಿಂದ ಆರರವರೆಗೆ ಸರಾಸರಿ ಡೆಸಿಬಲ್ ಎಷ್ಟು ಅನ್ನುವುದರ ಜೊತೆಗೆ, ಒಟ್ಟು ಎಷ್ಟು ವಿಮಾನ ಅಂತಲೂ ಬರೆಸಿಕೊಳ್ಳಬೇಕು. ಸದ್ದಿನ ನಕ್ಷೆಯನ್ನು ಗ್ರಾಮ ಪಂಚಾಯ್ತಿಯಲ್ಲಿ ಅಂಟಿಸಿ ಅಂತ ಪಟ್ಟು ಹಿಡಿಯಬೇಕು. ಸಭೆಯಲ್ಲಿ ಹೇಳಿದ್ದೆಲ್ಲ ನಡಾವಳಿಯಲ್ಲಿ ಬರಬೇಕು, ಅದನ್ನು ಅಲ್ಲೇ ಓದಿ ಹೇಳಬೇಕು ಅನ್ನುವುದೂ ಅದೇ ಅಧಿಸೂಚನೆಯಲ್ಲಿದೆ. ಹೋಗಲು ಆಗದವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಾಗದ ಬರೆದು ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ.